ಬೆಲ್ಟಿನಿಂದ ಬ್ಯಾಟರಿಗೆ: ಪಿಕಪ್ ಫ್ಯಾನಿನ ಸ್ಥಿತ್ಯಂತರ

ಬೆಂಗಳೂರಿನ ಬಸವೇಶ್ವರನಗರಕ್ಕೆ ತಾಗಿಕೊಂಡ ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳ ಸರಕು, ಮಾಗಡಿ ರಸ್ತೆಯ ಅಂಗಡಿಗಳ ಮಾಲು ಸಾಗುವುದು ಬಹುಮಟ್ಟಿಗೆ ಪಿಕಪ್ ವಾಹನಗಳಲ್ಲಿ. ಅವುಗಳಲ್ಲಿ ಹಳೆಯವಾದ ಟಾಟಾ 207ರಂಥವು ಸುಮನಹಳ್ಳಿಯ ದಟ್ಟಣೆಯಲ್ಲಿ ಸಿಕ್ಕಿಕೊಂಡಾಗ ಎಂಜಿನ್ ಹೀಟ್ ಆಗುವುದಕ್ಕೆ ಬಿಸಿಲಿನಷ್ಟೇ ಫ್ಯಾನ್ ತಿರುಗುವ ಕ್ರಮವೂ ಕಾರಣವಾಗಿರುತ್ತದೆ. ಎಂಜಿನ್ನಿನ ಬಿಸಿಯನ್ನು ಹೊತ್ತು ತರುವ ಕೂಲೆಂಟ್, ಅಂದರೆ ತುಕ್ಕುನಿರೋಧಕ ಬೆರೆಸಿದ ನೀರು, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಹರಿಯುವಾಗ ಅದಕ್ಕೆ ಗಾಳಿ ಎಳೆದುಕೊಡುವುದೇ ಫ್ಯಾನಿನ ಕೆಲಸ. ಹಳೆಯ ವಾಹನಗಳಲ್ಲಿ ಈ ಫ್ಯಾನನ್ನು ಎಂಜಿನ್ನಿಗೇ ಬೆಲ್ಟಿನಿಂದ ಜೋಡಿಸಿರುವುದರಿಂದ, ಗಾಡಿ ನಿಂತು ಗಾಳಿಯ ಅಗತ್ಯ ಹೆಚ್ಚಾದಾಗ ಅದು ನಿಧಾನವಾಗಿಯೂ, ಹೆದ್ದಾರಿಯಲ್ಲಿ ಎದುರುಗಾಳಿಯೇ ಸಾಕಾದಾಗ ವೇಗವಾಗಿಯೂ ತಿರುಗುತ್ತದೆ. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ನುಂಗುವ ಶಕ್ತಿ ಎಂಟು ಪಟ್ಟಾಗುವುದರಿಂದ, ಹೀಗೆ ವ್ಯರ್ಥವಾಗುವ ಡೀಸೆಲ್ ಅಲ್ಪವೆನ್ನುವಂತಿಲ್ಲ.

ಈ ಕೊರತೆ ತಯಾರಕರಿಗೆ ತಿಳಿಯದಿದ್ದುದಲ್ಲ. ಬಿಸಿಗೆ ಸ್ಪಂದಿಸುವ ಲೋಹದ ಸ್ಪ್ರಿಂಗ್ ಮತ್ತು ಸಿಲಿಕೋನ್ ದ್ರವದ ಸಹಾಯದಿಂದ, ಬೇಕಾದಾಗ ಮಾತ್ರ ಫ್ಯಾನನ್ನು ಬಿಗಿಯಾಗಿ ಹಿಡಿಯುವ ವಿಸ್ಕಸ್ ಕ್ಲಚ್ ಒಂದು ಪರಿಹಾರವಾಗಿ ಬಂದಿತು. ಆದರೆ ವಿದ್ಯುತ್ ಫ್ಯಾನಿಗೆ ದಾರಿ ತೆರೆದದ್ದು ಮುಖ್ಯವಾಗಿ ಎಂಜಿನ್ನನ್ನು ಅಡ್ಡಲಾಗಿ ಇಡುವ ವಿನ್ಯಾಸ. ಎಂಜಿನ್ ಅಡ್ಡವಾದರೆ ಅದರ ತುದಿ ಪಕ್ಕಕ್ಕೆ ತಿರುಗುತ್ತದೆ. ಮುಂದಿರುವ ರೇಡಿಯೇಟರಿನ ಎದುರು ಫ್ಯಾನನ್ನು ಬೆಲ್ಟಿನಿಂದ ತಿರುಗಿಸುವುದು ಕಷ್ಟವಾಗುತ್ತದೆ. ಇಟಲಿಯ ಎಂಜಿನಿಯರ್ ದಾಂತೆ ಜಕೋಸಾ 1964ರ ಆಟೊಬಿಯಾಂಕಿ ಪ್ರಿಮುಲಾ ಮತ್ತು 1969ರ ಫಿಯಟ್ 128 ಕಾರುಗಳಲ್ಲಿ ಈ ವಿನ್ಯಾಸಕ್ಕೆ ವಿದ್ಯುತ್ ಫ್ಯಾನನ್ನು ಹೊಂದಿಸಿದರು. ಬೆಂಗಳೂರಿನಲ್ಲಿ ಬಹುಕಾಲ ಓಡಾಡಿದ ಪ್ರೀಮಿಯರ್ ಪದ್ಮಿನಿಯ ಮೂಲವಾದ ಫಿಯಟ್ 1100 ಕೂಡ ಅವರ ಕೈಯಿಂದಲೇ ಬಂದದ್ದು. ಅದರ ಫ್ಯಾನ್ ಮಾತ್ರ ಬೆಲ್ಟಿನದಾಗಿತ್ತು. ಭಾರತದ ಜನಸಾಮಾನ್ಯರಿಗೆ ವಿದ್ಯುತ್ ಫ್ಯಾನ್ ಪರಿಚಯವಾದದ್ದು 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಿಂದ.

ವಿದ್ಯುತ್ ಫ್ಯಾನ್ ಬಳಕೆಗೆ ಬಂದುದರ ಹಿಂದೆ ಇನ್ನೊಂದು ಬದಲಾವಣೆಯೂ ಇತ್ತು. ಗಾಡಿಗೆ ವಿದ್ಯುತ್ ಉತ್ಪಾದಿಸುತ್ತಿದ್ದ ಹಳೆಯ ಡೈನಮೊ, ಎಂಜಿನ್ ನಿಧಾನವಾಗಿ ಓಡುವಾಗ ವಿದ್ಯುತ್ತನ್ನು ಕೊಡುತ್ತಿದ್ದುದೇ ಅಪರೂಪ. ಸಿಲಿಕಾನ್ ಡಯೋಡುಗಳು ಅಗ್ಗವಾದ ಮೇಲೆ 1960ರ ದಶಕದಲ್ಲಿ ಹರಡಿದ ಆಲ್ಟರ್ನೇಟರ್ ಆ ಕೊರತೆಯನ್ನು ಬಹುಮಟ್ಟಿಗೆ ನೀಗಿತು. 12 ವೋಲ್ಟಿನಲ್ಲಿ 20 ಆಂಪಿಯರ್ ಎಳೆಯುವ ಫ್ಯಾನಿಗೆ 240 ವ್ಯಾಟ್ ಬೇಕು. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ದಟ್ಟಣೆಯಲ್ಲಿ ನಿಂತಾಗಲೂ ಅಷ್ಟನ್ನು ಒದಗಿಸಬಲ್ಲ ಆಲ್ಟರ್ನೇಟರ್ ಇಲ್ಲದಿದ್ದರೆ ಬ್ಯಾಟರಿ ಬರಿದಾಗುತ್ತದೆ.

ಆದ್ದರಿಂದ ಹಳೆಯ ಪಿಕಪ್ಪಿಗೆ ವಿದ್ಯುತ್ ಫ್ಯಾನ್ ಕೂರಿಸುವುದೆಂದರೆ ರೆಕ್ಕೆ ಬದಲಿಸುವುದಷ್ಟೇ ಅಲ್ಲ, ಗಾಡಿಯ ವಿದ್ಯುತ್ ವ್ಯವಸ್ಥೆಯನ್ನೇ ಮರುಚಿಂತಿಸುವುದು. ರೇಡಿಯೇಟರಿನ ಹಿಂದೆ ಕೂತು ಗಾಳಿಯನ್ನು ಎಳೆಯುವ ಫ್ಯಾನ್ ಸಾಮಾನ್ಯವಾಗಿ ಮುಂದಿನಿಂದ ತಳ್ಳುವುದಕ್ಕಿಂತ ಹೆಚ್ಚು ಪರಿಣಾಮಕಾರಿ. ಅದರ ಸುತ್ತಲಿನ ಕವಚ ರೇಡಿಯೇಟರಿನ ಇಡೀ ಮೈಯನ್ನು ಆವರಿಸದಿದ್ದರೆ ಗಾಳಿ ರೆಕ್ಕೆಯ ಎದುರಿನ ವೃತ್ತದಲ್ಲಿ ಮಾತ್ರ ಹಾಯುತ್ತದೆ. ಕೂಲೆಂಟಿನ ಬಿಸಿಯನ್ನು ಗುರುತಿಸುವ ಥರ್ಮೋ ಸ್ವಿಚ್ ಸುಮಾರು 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಫ್ಯಾನನ್ನು ಆರಂಭಿಸಿ, ಕೆಲವು ಡಿಗ್ರಿ ಇಳಿದ ಮೇಲೆ ನಿಲ್ಲಿಸುತ್ತದೆ. ಆ ಸಣ್ಣ ಸ್ವಿಚ್ಚಿನ ಮೂಲಕ ಫ್ಯಾನಿನ ಪೂರ್ಣ ವಿದ್ಯುತ್ತನ್ನು ಹರಿಸಿದರೆ ಅದು ಸುಟ್ಟುಹೋಗುವುದರಿಂದ, ಅಲ್ಪ ವಿದ್ಯುತ್ತಿನ ಆಜ್ಞೆಯಿಂದ ದೊಡ್ಡ ವಿದ್ಯುತ್ತನ್ನು ಬಿಡುವ ರಿಲೇ, ಬ್ಯಾಟರಿಯ ಹತ್ತಿರವೇ ಫ್ಯೂಸ್, ದಪ್ಪನೆಯ ತಂತಿ, ಚಾಸಿಸ್ಸಿಗೆ ಬಣ್ಣ ಕೆರೆದು ಬಿಗಿಸಿದ ಅರ್ಥ್, ಇವು ನಾಲ್ಕೂ ಅನಿವಾರ್ಯ. ಹಣ ಉಳಿಸಲು ಜನ ಬಿಡುವುದು ಇವನ್ನೇ, ಬೆಂಕಿಗೆ ದಾರಿಯಾಗುವುದೂ ಇವುಗಳ ಕೊರತೆಯೇ.

ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಒತ್ತಡದ ಮುಚ್ಚಳ ಆ ಮಿತಿಯನ್ನು ಮೇಲೇರಿಸುತ್ತದೆ. ಮುಚ್ಚಳದ ರಬ್ಬರ್ ಸವೆದರೆ ಯಾವ ಫ್ಯಾನೂ ಗಾಡಿಯನ್ನು ಕಾಪಾಡಲಾರದು. ಪೂರ್ಣ ಭಾರ ಹೊತ್ತು ದೀರ್ಘ ಏರನ್ನು ನಿಧಾನವಾಗಿ ಹತ್ತುವ ಗಾಡಿಗೆ ವಿದ್ಯುತ್ ಫ್ಯಾನ್ ಸಾಲದೆಯೂ ಹೋಗಬಹುದು. ದೊಡ್ಡ ಲಾರಿಗಳ ಫ್ಯಾನಿಗೆ ಹಲವು ಕಿಲೋವ್ಯಾಟ್ ಶಕ್ತಿ ಬೇಕಾಗುವುದರಿಂದ ಅವು ಎಂಜಿನ್ ತಿರುಗಿಸುವ ಫ್ಯಾನನ್ನೇ ಉಳಿಸಿಕೊಂಡಿವೆ. ನಗರದೊಳಗೇ ಓಡುವ ಪಿಕಪ್ಪಿಗೆ ಈ ಬದಲಾವಣೆ ಖಂಡಿತ ಒಳ್ಳೆಯದು. ಆದರೆ ಮಾಲೀಕರು ಜೆ.ಸಿ. ರಸ್ತೆಗೆ ಫ್ಯಾನ್ ಕೊಳ್ಳಲು ಹೋಗುವ ಮೊದಲು ರೇಡಿಯೇಟರನ್ನು ತೊಳೆಸಿ, ಮುಚ್ಚಳ, ಥರ್ಮೋಸ್ಟಾಟ್, ವಾಟರ್ ಪಂಪ್ ಮತ್ತು ಬೆಲ್ಟನ್ನು ಪರೀಕ್ಷಿಸಿಕೊಳ್ಳಬೇಕು.