ನೋವಿನ ಮಾತ್ರೆ, ಅರಿಸಿನ ಮತ್ತು ಮಿದುಳಿನ ಕ್ಯಾಲ್ಸಿಯಂ

ಪ್ರಶ್ನೆ: ಮಂಡಿನೋವಿಗೆ ನುಂಗುವ ಮಾತ್ರೆ, ಮನೆಯ ಅರಿಸಿನ ಇವು ಮಿದುಳಿನ ಕೋಶಗಳ ಕ್ಯಾಲ್ಸಿಯಂ ಸಂಜ್ಞೆಯನ್ನು ಬದಲಿಸುವುವೇ?
– ಓದುಗರೊಬ್ಬರು, ದೊಡ್ಡಬಳ್ಳಾಪುರ

ಉತ್ತರ: ಬದಲಿಸಬಲ್ಲವು, ಆದರೆ ಪ್ರಯೋಗಶಾಲೆಯ ಬಟ್ಟಲಿನಲ್ಲಿ ಕಂಡುದೆಲ್ಲವೂ ಮನುಷ್ಯನ ಮಿದುಳಿನಲ್ಲಿ ಅದೇ ಪ್ರಮಾಣದಲ್ಲಿ ನಡೆಯುವುದೆಂದು ಭಾವಿಸಲಾಗದು. ನರಕೋಶದ ಹೊರಗಣ ದ್ರವದಲ್ಲಿ ಕ್ಯಾಲ್ಸಿಯಂ ಅಯಾನುಗಳ ಸಾಂದ್ರತೆಯು ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಅಧಿಕ. ಕೆರೆಯ ತೂಬನ್ನು ಕ್ಷಣಮಾತ್ರ ಎತ್ತಿದಂತೆ ಕೋಶಪೊರೆಯ ನಾಳಗಳು ತೆರೆದಾಗ, ಅಥವಾ ಕೋಶದೊಳಗಣ ಸಂಚಯದಿಂದಲೇ ಕ್ಯಾಲ್ಸಿಯಂ ಹೊರಸೂಸಿದಾಗ, ಉಂಟಾಗುವ ಅಲ್ಪಕಾಲದ ಏರಿಕೆಯೇ ಸಂಜ್ಞೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿ ಗೈತಿ ಹಸನ್ ಅವರೂ ಅವರ ಸಹೋದ್ಯೋಗಿಗಳೂ ಹಣ್ಣುನೊಣಗಳ ಮೇಲೆ ನಡೆಸಿದ ಅನ್ವೇಷಣೆಗಳು, ಆ ಸಂಚಯದ ದ್ವಾರವಾದ ಪ್ರೋಟೀನು ವಿಕಲವಾದರೆ ನೊಣವು ಹಾರುವ ಶಕ್ತಿಯನ್ನೇ ಕಳೆದುಕೊಳ್ಳುವುದೆಂದು ತೋರಿಸಿವೆ.

ಉರಿಯೂತದಲ್ಲಿ ಹುಟ್ಟುವ ಪ್ರೊಸ್ಟಾಗ್ಲಾಂಡಿನ್‌ಗಳು, ನರಕೋಶಗಳಿಗೆ ಆಸರೆಯಾದ ನಕ್ಷತ್ರಾಕಾರದ ಕೋಶಗಳಲ್ಲಿ ಕ್ಯಾಲ್ಸಿಯಂ ಮಟ್ಟವನ್ನು ಏರಿಸುತ್ತವೆ. ನೋವಿನ ಮಾತ್ರೆಯಾದ ಆಸ್ಪಿರಿನ್ ಅವುಗಳ ಉತ್ಪತ್ತಿಯನ್ನೇ ತಡೆಯುವುದೆಂದು ಔಷಧವಿಜ್ಞಾನಿ ಜಾನ್ ವೇನ್ 1971ರಲ್ಲಿ ಪ್ರಕಟಿಸಿದರು. ಆದುದರಿಂದ ಅದರ ಪ್ರಭಾವವು ಬಹುಮಟ್ಟಿಗೆ ಪರೋಕ್ಷವಾದುದು. ಅರಿಸಿನದ ಕರ್ಕ್ಯುಮಿನ್ನಾದರೋ, ಕ್ಯಾಲ್ಸಿಯಮ್ಮನ್ನು ಸಂಚಯಕ್ಕೆ ಮರಳಿಸುವ ಪಂಪನ್ನು ನೇರವಾಗಿ ಕುಂಠಿತಗೊಳಿಸಬಲ್ಲುದು. ಆದರೆ ಉಂಡ ಅರಿಸಿನದಿಂದ ರಕ್ತಕ್ಕೆ ಸೇರುವ ಅಂಶವು ಅತ್ಯಲ್ಪ.

ಮಿದುಳಿನ ರಕ್ಷಣೆಗೆಂದು ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ದಿನವೂ ನುಂಗಬೇಡಿ. ಜಠರಕ್ಕೂ ಮೂತ್ರಪಿಂಡಗಳಿಗೂ ಅವು ಹಾನಿಯುಂಟುಮಾಡಬಲ್ಲವು.