ದೊಡ್ಡ ಬ್ಯಾಂಡ್ ಬಿಟ್ಟು ಬಂದ ಇಬ್ಬರು, ಒಂದು ಡ್ರಮ್ ಮೆಷಿನ್: ‘ಫಿಲ್ಟರ್’ ಹುಟ್ಟಿದ್ದು ಹೀಗೆ

‘ಟರ್ಮಿನೇಟರ್ 2’ ನೋಡಿದ್ದೀರಲ್ವಾ? ಪಾದರಸದ ಹಾಗೆ ಕರಗಿ, ಮತ್ತೆ ಪೊಲೀಸ್ ವೇಷದಲ್ಲಿ ಎದ್ದು ಬರ್ತಾನಲ್ಲ, ಆ ವಿಲನ್ ಪಾತ್ರ ಮಾಡಿದವರು ರಾಬರ್ಟ್ ಪ್ಯಾಟ್ರಿಕ್. ಇವತ್ತು ಹೇಳೋಕೆ ಹೊರಟಿರೋದು ಅವರ ತಮ್ಮ ರಿಚರ್ಡ್ ಪ್ಯಾಟ್ರಿಕ್ ಕತೆ. ಅಣ್ಣ ತೆರೆ ಮೇಲೆ ಮೆಷಿನ್ ಆದ್ರು, ತಮ್ಮ ಮೆಷಿನ್‌ಗಳನ್ನೇ ಇಟ್ಕೊಂಡು ಬ್ಯಾಂಡ್ ಕಟ್ಟಿದ್ರು. ಹೆಸರು ‘ಫಿಲ್ಟರ್’.

ಇವರದ್ದು ಇಂಡಸ್ಟ್ರಿಯಲ್ ರಾಕ್. ಆ ಹೆಸರು ಎಲ್ಲಿಂದ ಬಂತು ಅಂದ್ರೆ, ಇಂಗ್ಲೆಂಡಿನ ಥ್ರಾಬಿಂಗ್ ಗ್ರಿಸಲ್ ತಂಡ 1976ರಲ್ಲಿ ‘ಇಂಡಸ್ಟ್ರಿಯಲ್ ರೆಕಾರ್ಡ್ಸ್’ ಅಂತ ಲೇಬಲ್ ಶುರು ಮಾಡ್ತು. ಕಾರ್ಖಾನೆಯ ಗದ್ದಲವೇ ಸಂಗೀತ ಅನ್ನೋ ಥರದ ಧ್ವನಿ. ಎಂಬತ್ತರ ದಶಕದ ಕೊನೆಗೆ ಷಿಕಾಗೊದ ‘ಮಿನಿಸ್ಟ್ರಿ’ಯಂಥ ತಂಡಗಳು ಅದರ ಮೇಲೆ ಮೆಟಲ್ ಗಿಟಾರ್ ಹೇರಿದವು.

ಇದರ ಒಳಗುಟ್ಟು ಸ್ಯಾಂಪ್ಲರ್ ಮತ್ತು ಸೀಕ್ವೆನ್ಸರ್. ನಮ್ಮ ಊರಿನ ಆರ್ಕೆಸ್ಟ್ರಾಗಳಲ್ಲಿ ರಿದಮ್ ಪ್ಯಾಡ್ ನೋಡಿರ್ತೀರಿ. ಒಂದು ಚೌಕಕ್ಕೆ ಹೊಡೆದ್ರೆ ತಬಲ, ಪಕ್ಕದ್ದಕ್ಕೆ ಹೊಡೆದ್ರೆ ತಮಟೆ. ಸ್ಯಾಂಪ್ಲರ್ ಕೂಡ ಹಾಗೇ: ಯಾವ ಸದ್ದನ್ನಾದ್ರೂ ಹಿಡಿದಿಟ್ಟು, ಬೇಕಾದಾಗ ವಾಪಸ್ ಕೊಡತ್ತೆ. ಅದು ಯಾವಾಗ, ಎಷ್ಟು ಸಲ ಮೊಳಗಬೇಕು ಅಂತ ಸಾಲಾಗಿ ಬರೆದಿಡೋದು ಸೀಕ್ವೆನ್ಸರ್ ಕೆಲಸ. ಒಮ್ಮೆ ಬರೆದಿಟ್ರೆ ಮುಗೀತು, ಮೆಷಿನ್‌ಗೆ ಸುಸ್ತಿಲ್ಲ, ತಾಳ ತಪ್ಪೋದಿಲ್ಲ.

ಈಗ ಯೋಚನೆ ಮಾಡಿ. ಎಲ್ಲಾ ಸದ್ದೂ ಮೆಷಿನ್‌ನಿಂದ ಬರೋದಾದ್ರೆ ಬ್ಯಾಂಡ್‌ಗೆ ಎಷ್ಟು ಜನ ಬೇಕು? ಒಬ್ರು ಸಾಕು! ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಟ್ರೆಂಟ್ ರೆಜ್ನರ್ ಮಾಡಿದ್ದು ಅದನ್ನೇ. ಸ್ಟುಡಿಯೋ ಒಂದರಲ್ಲಿ ಗುಡಿಸಿ ಒರೆಸುವಂಥ ಕೆಲಸ ಮಾಡ್ಕೊಂಡು, ಅಲ್ಲಿ ಯಾರೂ ಇಲ್ಲದ ಹೊತ್ತಲ್ಲಿ ಡೆಮೊ ರೆಕಾರ್ಡ್ ಮಾಡಿಕೊಂಡ್ರು. 1989ರಲ್ಲಿ ‘ನೈನ್ ಇಂಚ್ ನೇಲ್ಸ್’ ಹೆಸರಲ್ಲಿ ಮೊದಲ ಆಲ್ಬಂ ಬಂತು. ಹೆಸರು ಬ್ಯಾಂಡಿನದು, ಒಳಗಿರೋದು ಹೆಚ್ಚುಕಮ್ಮಿ ಒಬ್ಬರೇ.

ಆದ್ರೆ ವೇದಿಕೆ ಮೇಲೆ ಒಬ್ರೇ ನಿಂತ್ರೆ ಜನ ಒಪ್ತಾರಾ? ಅದಕ್ಕೇ ನುಡಿಸೋರನ್ನ ಸೇರಿಸಿಕೊಂಡ್ರು. ರಿಚರ್ಡ್ ಬಂದಿದ್ದು ಹಾಗೆ. 1989ರಿಂದ 1993ರವರೆಗೆ ಗಿಟಾರ್ ನುಡಿಸಿದ್ರು, 1991ರ ಮೊದಲ ಲೊಲಪಲೂಜಾ ಪ್ರವಾಸದಲ್ಲೂ ಇದ್ರು. ಆದ್ರೆ ಆ ಮೊದಲ ಆಲ್ಬಂನಲ್ಲಿ ಅವರ ಪಾಲು ಅಂದ್ರೆ ಒಂದು ಹಾಡಿನ ಕೊನೇಲಿ ಗುಂಯ್‌ಗುಡೋ ಗಿಟಾರ್, ಅಷ್ಟೇ. ಸಾವಿರಾರು ಜನ ಚಪ್ಪಾಳೆ ಹೊಡೀತಾರೆ, ಹಾಡು ಮಾತ್ರ ನಿಮ್ಮದಲ್ಲ. ಹಾಡು ನಿಮ್ಮದಲ್ಲ ಅಂದ್ಮೇಲೆ ಅದು ತರೋ ದುಡ್ಡೂ ನಿಮ್ಮದಲ್ಲ. ಕೈ ಖಾಲಿ ಅಂತ ಹೇಳಿದಾಗ, ಹತ್ತಿರದಲ್ಲೇ ಪಿಜ್ಜಾ ಅಂಗಡಿ ಇದೆ, ಡೆಲಿವರಿ ಮಾಡಬಹುದಲ್ಲ ಅನ್ನೋ ಉತ್ತರ ಬಂತು ಅಂತ ರಿಚರ್ಡ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಇದು ಅವರ ಕಡೆಯ ಮಾತು, ನೆನಪಿರಲಿ.

1993ರಲ್ಲಿ ಹೊರಟ್ರು. ನನಗೆ ಇಡೀ ಕತೆಯಲ್ಲಿ ಮುಖ್ಯ ಅನ್ನಿಸೋದು ಇಲ್ಲಿಂದ ಮುಂದಿನದು. ಗಿಟಾರ್ ಚೆನ್ನಾಗಿ ಬರತ್ತೆ, ಜನರನ್ನ ಕುಣಿಸೋದು ಗೊತ್ತು. ಆದ್ರೆ ಈ ಪ್ರಕಾರದಲ್ಲಿ ಹಾಡಿನ ಬೀಗದ ಕೈ ಇರೋದು ಮೆಷಿನ್ ಹತ್ರ. ಅದಕ್ಕೆ ರಿಚರ್ಡ್ ಜೊತೆಯಾಗಿದ್ದು ಬ್ರಯಾನ್ ಲೀಸ್‌ಗ್ಯಾಂಗ್. ಅವರೂ ನೈನ್ ಇಂಚ್ ನೇಲ್ಸ್ ಜೊತೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಮಾಡಿದ್ದವರೇ.

ಕ್ಲೀವ್‌ಲ್ಯಾಂಡ್ ಹೊರವಲಯದ ಒಂದು ಪುಟ್ಟ ಮನೆ. ಡ್ರಮ್ಮರ್ ಇಲ್ಲ, ಡ್ರಮ್ ಮೆಷಿನ್ ಇದೆ. ಹೀಗೆ ತಯಾರಾದ ‘ಶಾರ್ಟ್ ಬಸ್’ 1995ರಲ್ಲಿ ರಿಪ್ರೈಸ್ ಲೇಬಲ್‌ನಿಂದ ಬಂತು. ಅಮೆರಿಕದಲ್ಲಿ 10 ಲಕ್ಷ ಪ್ರತಿ ದಾಟಿ ಪ್ಲಾಟಿನಂ ಆಯ್ತು. ಕಂಪ್ಯೂಟರ್, ಸ್ಯಾಂಪ್ಲರ್ ಬಳಸಿದ್ರೆ ಅದು ಸೃಜನಶೀಲತೆಯೇ ಅಲ್ಲ ಅನ್ನೋರಿಗೆ ಆಲ್ಬಂ ಜೊತೆಗಿನ ಹಾಳೆಯಲ್ಲೇ ಉತ್ತರ ಬರೆದಿದ್ರು. ಇವತ್ತು ಎಐ ಬಗ್ಗೆ ನಡೀತಿರೋ ಜಗಳ ನೆನಪಾಗತ್ತೆ, ಅಲ್ವಾ? ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಸ್ಯಾಂಪ್ಲರ್‌ಗೆ ಏನು ಮಾಡಬೇಕು ಅಂತ ಒಬ್ರು ಕೂತು ಒಂದೊಂದೇ ಹೇಳಿಕೊಡಬೇಕಿತ್ತು.

ಆಲ್ಬಂ ಓಡಿತು, ಪ್ರವಾಸಕ್ಕೆ ಹೊರಡಬೇಕು. ಆಗ ಏನು ಮಾಡಿದ್ರು ಗೊತ್ತಾ? ಗಿಟಾರ್, ಬೇಸ್, ಡ್ರಮ್ಸ್‌ಗೆ ಮೂವರನ್ನ ಸೇರಿಸಿಕೊಂಡ್ರು. ಹಾಡು ಮಾಡಿದವರು ಬೇರೆ, ವೇದಿಕೆಯಲ್ಲಿ ನುಡಿಸೋರು ಬೇರೆ. ತಾವು ಬಿಟ್ಟು ಬಂದ ಮನೆಯ ನಕ್ಷೆಯೇ! ಅವರಲ್ಲಿ ಡ್ರಮ್ಮರ್ ಮ್ಯಾಟ್ ವಾಕರ್ 1996ರಲ್ಲಿ ‘ಸ್ಮ್ಯಾಶಿಂಗ್ ಪಂಪ್‌ಕಿನ್ಸ್’ ಜೊತೆ ಪ್ರವಾಸಕ್ಕೆ ಹೋದ್ರು. 1997ರಲ್ಲಿ ಲೀಸ್‌ಗ್ಯಾಂಗ್ ಕೂಡ ಹೊರಟ್ರು. ಅಲ್ಲಿಂದ ಫಿಲ್ಟರ್‌ನಲ್ಲಿ ಮೊದಲಿನಿಂದ ಕೊನೆವರೆಗೂ ಇರೋರು ರಿಚರ್ಡ್ ಒಬ್ರೇ. ಇದನ್ನ ದ್ರೋಹ ಅಂತ ನಾನು ಕರೆಯಲ್ಲ. ಸದ್ದೆಲ್ಲ ಒಂದೇ ಕಂಪ್ಯೂಟರ್‌ನಲ್ಲಿ ಕೂತ್ಕೊಂಡ್ರೆ, ಅದರ ಮುಂದಿನ ಕುರ್ಚಿಯೂ ಒಂದೇ ಆಗಿಬಿಡತ್ತೆ.

2018ರಲ್ಲಿ ಇಬ್ಬರೂ ಮತ್ತೆ ಸೇರಿದ್ರು. ಹಣ ಎತ್ತೋಕೆ ಪ್ಲೆಜ್‌ಮ್ಯೂಸಿಕ್ ಅನ್ನೋ ಜಾಲತಾಣ ನಂಬಿದ್ರು; 2019ರಲ್ಲಿ ಅದೇ ಕುಸಿದುಬಿತ್ತು, ಆ ಆಲ್ಬಂ ಅಂದುಕೊಂಡ ಹಾಗೆ ಬರಲಿಲ್ಲ. 2023ರಲ್ಲಿ ಫಿಲ್ಟರ್ ಹೆಸರಲ್ಲಿ ‘ದಿ ಅಲ್ಗೊರಿದಮ್’ ಬಂತು.

ಕೇಳೋದಾದ್ರೆ ‘ಹೇ ಮ್ಯಾನ್ ನೈಸ್ ಶಾಟ್’ನಿಂದ ಶುರು ಮಾಡಿ. ಅಮೆರಿಕದ ಅಧಿಕಾರಿಯೊಬ್ಬರ 1987ರ ಸಾವಿನ ಕುರಿತ ಹಾಡು, ಮನಸ್ಸು ಭಾರ ಆಗಿದ್ರೆ ಇವತ್ತು ಬೇಡ. ಇಯರ್‌ಫೋನ್ ಹಾಕ್ಕೊಂಡು ಮೊದಲು ಬೇಸ್ ಹಿಡೀರಿ, ಆಮೇಲೆ ತಾಳ. ಗಿಟಾರ್ ಮೈಮೇಲೆ ಬೀಳೋ ಹೊತ್ತಿಗೆ ವಾಲ್ಯೂಮ್ ಸ್ವಲ್ಪ ಕಮ್ಮಿ ಇರಲಿ.