ಅನ್ನ ಕಡಿಮೆ, ಪಲ್ಯ ಜಾಸ್ತಿ

ಅಬ್ಬಾ ಅವರಿಗೆ ಸಕ್ಕರೆ ಕಾಯಿಲೆ. ತೂಕ ಇಳಿಸಲೇಬೇಕೆಂದು ಡಾಕ್ಟರು ಹೇಳಿದ ಮೇಲೆ ಅಮ್ಮಿಯೂ ನಾನೂ ಸೇರಿ ಊಟದ ಲೆಕ್ಕ ಹಾಕಿದೆವು.

ನಮ್ಮ ಬಂಟ್ವಾಳದಲ್ಲಿ ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ರಾತ್ರಿ ಅಕ್ಕಿರೊಟ್ಟಿ. ಹೆಸರು ಮೂರು, ಅಕ್ಕಿ ಒಂದೇ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದೆ. ಅದು ಗ್ಲೂಕೋಸ್ ಆಗುತ್ತದೆ. ಖರ್ಚಾಗದೆ ಉಳಿದದ್ದು ಕೊಬ್ಬಾಗಿ ಜಮೆಯಾಗುತ್ತದೆ. ದಿನದ ಕ್ಯಾಲೊರಿಯಲ್ಲಿ ಧಾನ್ಯಗಳ ಪಾಲು ಶೇ. 45 ಮೀರಬಾರದೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದೆ.

ನಮ್ಮ ಮನೆಯ ನಿಯಮಗಳು:

1. ತಟ್ಟೆಯ ಅರ್ಧ ತೊಂಡೆ, ಅಲಸಂಡೆ, ಬಸಳೆ. ಕಾಲು ಭಾಗ ಬಂಗುಡೆ, ಮೊಟ್ಟೆ ಅಥವಾ ಹೆಸರುಕಾಳು. ಉಳಿದ ಕಾಲು ಭಾಗ ಮಾತ್ರ ಅನ್ನ.
2. ಮೊದಲು ಪಲ್ಯ, ಮೀನು, ಅನ್ನ ಕೊನೆಗೆ.
3. ಚಹಾಕ್ಕೆ ಸಕ್ಕರೆ ಇಲ್ಲ. ಶರಬತ್ತು, ಬಿಸ್ಕತ್ತು ಇಲ್ಲ.
4. ಮೀನು ಕರಿಯುವುದಕ್ಕಿಂತ ಸಾರು ಮೇಲು. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ, ಕಾರ್ಬೋಹೈಡ್ರೇಟಿನಲ್ಲಿ 4.
5. ದಾವತ್‌ಗೆ ಹೋದರೆ ಬಿರಿಯಾನಿ ಬೇಡ ಎನ್ನುವುದಿಲ್ಲ. ಅನ್ನ ಅರ್ಧವೇ ಬಡಿಸಿಕೊಳ್ಳುತ್ತೇವೆ.

ಒಂದು ಎಚ್ಚರ: ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಅನ್ನ ತೀರಾ ಇಳಿಸಬಾರದು. ರಕ್ತದ ಸಕ್ಕರೆ ಒಮ್ಮೆಲೇ ಕುಸಿದು ತಲೆಸುತ್ತು ಬರಬಹುದು. ನಾವು ವಿದ್ಯಾರ್ಥಿಗಳು ಇನ್ನೂ ಬೆಳೆಯುವ ಪ್ರಾಯದವರು. ಸಿಹಿ, ಕರಿದದ್ದು ಬಿಡೋಣ, ಊಟ ಬಿಡುವುದು ಬೇಡ.